ಮಕ್ಕಳ ಕೋಣೆಯಲ್ಲಿ ಬೂಷ್ಟು: ಮೊದಲು ನೀರು ಹುಡುಕಿ, ಆಮೇಲೆ ಗೋಡೆ ಒರೆಸಿ

ಜುಲೈ ತಿಂಗಳಲ್ಲಿ ಒಂದು ದಿನ ಮಕ್ಕಳು ಮಲಗುವ ಮಂಚವನ್ನು ಗೋಡೆಯಿಂದ ಒಂದಡಿ ಈಚೆ ಎಳೆದು ನೋಡಿ. ಟಾರ್ಚನ್ನು ಎದುರಿನಿಂದ ಬಿಡಬೇಡಿ. ಗೋಡೆಗೆ ಒರಗಿಸಿ ಪಕ್ಕದಿಂದ ಬಿಡಿ. ಎದುರಿನಿಂದ ಬರೀ ಕಲೆ ಅನ್ನಿಸಿದ್ದು ಪಕ್ಕದ ಬೆಳಕಿಗೆ ಬೆಕ್ಕಿನ ಮರಿಯ ತುಪ್ಪಳದ ಹಾಗೆ ನವಿರಾಗಿ ಎದ್ದು ಕಾಣುತ್ತದೆ. ಬೂದಿ, ಕಪ್ಪು, ಹಸಿರು, ಕೆಲವೊಮ್ಮೆ ತಿಳಿ ಕೆಂಪು. ಮೂಗು ಹತ್ತಿರ ತಂದರೆ ಮುಗ್ಗಲು ವಾಸನೆ. ಅದೇ ಬೂಷ್ಟು.

ಮಳೆಗಾಲದಲ್ಲಿ ಇದು ನಮಗೆ ಹೊಸದೇನಲ್ಲ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಆಗುಂಬೆ ಕಡೆ, ಮಡಿಕೇರಿ, ಉಡುಪಿ, ಮಂಗಳೂರುಗಳಲ್ಲಿ ಬೆಲ್ಟು, ಚಪ್ಪಲಿ, ಶಾಲೆಯ ಬ್ಯಾಗಿಗೂ ಬೂಷ್ಟು ಹಿಡಿಯುತ್ತದೆ. "ಮಳೆಗಾಲ ಅಲ್ವಾ" ಅಂತ ಜನ ಸುಮ್ನಾಗುತ್ತಾರೆ. ಬೆಂಗಳೂರಲ್ಲಿ ಅಷ್ಟು ಮಳೆ ಇಲ್ಲ. ಆದರೆ ಒಂದಕ್ಕೊಂದು ಅಂಟಿಕೊಂಡ ಕಟ್ಟಡಗಳು, ಬಿಸಿಲು ಕಾಣದ ರೂಮು, ಮೇಲಿನ ಫ್ಲಾಟಿನ ಬಚ್ಚಲ ಸೋರಿಕೆ ಸೇರಿ ಅದೇ ಕೆಲಸ ಮಾಡುತ್ತವೆ. ಕಲಬುರಗಿ, ರಾಯಚೂರಿನಂಥ ಒಣ ಊರಲ್ಲೂ ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಏರ್ ಕೂಲರ್ ಓಡಿಸಿದರೆ ಬೂಷ್ಟು ಬರುತ್ತದೆ. ಬೆಲ್ಟಿಗೆ ಬಂದದ್ದನ್ನು ಒರೆಸಿ ಹಾಕಿಕೊಳ್ಳಬಹುದು. ಮಗು ರಾತ್ರಿಯಿಡೀ ಉಸಿರಾಡುವ ಕೋಣೆಗೆ ಬಂದರೆ ಲೆಕ್ಕ ಬೇರೆ.

ಮಗುವಿಗೆ ಏನಾಗುತ್ತದೆ

ಬೂಷ್ಟು ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಣಗಳನ್ನು ಗಾಳಿಗೆ ಬಿಡುತ್ತದೆ. ಮಕ್ಕಳ ಶ್ವಾಸನಾಳ ಮೊದಲೇ ಕಿರಿದು. ಒಳಗಡೆ ಸ್ವಲ್ಪ ಊದಿಕೊಂಡರೂ ಗಾಳಿಗೆ ದಾರಿ ಸಾಲುವುದಿಲ್ಲ. ಸಾಲದ್ದಕ್ಕೆ ಅವರು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ, ನೆಲದ ಹತ್ತಿರವೇ ಇರುತ್ತಾರೆ. ಮೂಗು ಸೋರುವುದು, ಬೆಳಗಿನ ಜಾವ ಸೀನು, ಕಣ್ಣು ತುರಿಕೆ, ರಾತ್ರಿ ಒಣಕೆಮ್ಮು, ಎದೆಯಲ್ಲಿ ಸುಯ್ ಸುಯ್ ಶಬ್ದ ಇವು ಸಾಮಾನ್ಯ ಲಕ್ಷಣಗಳು. ಅಸ್ತಮಾ ಇರುವ ಮಕ್ಕಳಿಗೆ ಅದು ಕೆರಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ 2009ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇಂಥ ಮನೆಗಳಲ್ಲಿ ಉಸಿರಾಟದ ಸೋಂಕು ಮತ್ತು ಅಸ್ತಮಾ ಜಾಸ್ತಿ ಎಂಬುದು ಅದರ ಮಾತು.

ಸಾವಿನವರೆಗೆ ಹೋಗುವುದು ತೀರಾ ಅಪರೂಪ. ಆದರೆ ಆಗಿದೆ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಎರಡು ವರ್ಷದ ಅವಾಬ್ ಇಶಾಕ್ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಬೂಷ್ಟು ಹಿಡಿದ ಬಾಡಿಗೆ ಫ್ಲಾಟಿನಲ್ಲಿ ತುಂಬಾ ಕಾಲ ಇದ್ದದ್ದರಿಂದ ಬಂದ ಉಸಿರಾಟದ ಕಾಯಿಲೆಯೇ ಕಾರಣ ಎಂದು ಸಾವಿನ ವಿಚಾರಣೆ ನಡೆಸಿದ ಅಧಿಕಾರಿ 2022ರ ನವೆಂಬರ್‌ನಲ್ಲಿ ಹೇಳಿದರು. ಅಲ್ಲಿ ಈಗ ಆ ಮಗುವಿನ ಹೆಸರಲ್ಲೇ ಕಾನೂನಿದೆ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಅಥವಾ ಹೌಸಿಂಗ್ ಅಸೋಸಿಯೇಷನ್ ಮನೆಯಲ್ಲಿ ಬಾಡಿಗೆಗಿರುವ ಕನ್ನಡಿಗರು ಅದನ್ನು ತಿಳಿದುಕೊಂಡಿರಿ. ದೂರು ಕೊಟ್ಟ ಮೇಲೆ ಇಷ್ಟೇ ಸಮಯದಲ್ಲಿ ಸರಿಪಡಿಸಬೇಕು ಎಂಬ ಕಟ್ಟುಪಾಡು ಅದರಲ್ಲಿದೆ.

ಹಾಗಂತ ಮಳೆಗಾಲದ ಪ್ರತಿ ಕೆಮ್ಮನ್ನೂ ಗೋಡೆಯ ತಲೆಗೆ ಕಟ್ಟಬೇಡಿ. ವೈರಸ್ ಇರಬಹುದು. ಸೊಳ್ಳೆ ಬತ್ತಿ, ಊದುಬತ್ತಿ, ಸೌದೆ ಒಲೆಯ ಹೊಗೆಯೂ ಇರಬಹುದು. ಒಂದು ಸುಳಿವು ಸಿಗುತ್ತದೆ: ಮಗು ಅಜ್ಜಿ ಮನೆಗೆ ಹೋಗಿ ನಾಲ್ಕು ದಿನ ಇದ್ದಾಗ ಕೆಮ್ಮು ತಗ್ಗಿ, ವಾಪಸ್ ಬಂದ ಮೇಲೆ ಮತ್ತೆ ಶುರುವಾದರೆ ಮನೆಯ ಮೇಲೆ ಅನುಮಾನ ಪಡಿ. ಯಾವ ಕೋಣೆಯಲ್ಲಿ ಮಲಗಿದಾಗ, ಯಾವ ಹೊತ್ತಿಗೆ ಕೆಮ್ಮು ಬಂತು ಅಂತ ಬರೆದಿಟ್ಟು, ಗೋಡೆಯ ಫೋಟೋ ಸಮೇತ ಮಕ್ಕಳ ಡಾಕ್ಟರಿಗೆ ತೋರಿಸಿ. ಇನ್‌ಹೇಲರ್ ಬರೆದುಕೊಟ್ಟರೆ ಹೆದರಬೇಡಿ. "ಅಭ್ಯಾಸ ಆಗಿಬಿಡುತ್ತೆ" ಅಂತ ಅಕ್ಕಪಕ್ಕದವರು ಹೇಳುವ ಮಾತು ಕೇಳಿ ನಿಲ್ಲಿಸಲೂ ಬೇಡಿ.

ಇವು ಕಂಡರೆ ಗೋಡೆ ಗೀಡೆ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ, ಅಥವಾ 108ಕ್ಕೆ ಫೋನ್ ಮಾಡಿ: ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ಹಾಲು ಕುಡಿಯಲಾಗದಿರುವುದು, ಎಬ್ಬಿಸಿದರೂ ಮಂಕಾಗಿರುವುದು. ಮಗು ಅಳದೆ ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ವೇಗದ ಉಸಿರಾಟ. ಅವತ್ತೇ ಡಾಕ್ಟರ್ ನೋಡಬೇಕು.

ಹಂತ 1: ಬೂಷ್ಟೋ, ಉಪ್ಪೋ, ಮಸಿಯೋ?

ಗೋಡೆಯ ಮೇಲೆ ಬೆಳ್ಳಗೆ ಹಿಟ್ಟಿನಂತೆ ಉದುರುವುದೆಲ್ಲ ಬೂಷ್ಟಲ್ಲ. ಒಳಗಿನ ನೀರು ಹೊರಗೆ ಬರುವಾಗ ಸಿಮೆಂಟು, ಇಟ್ಟಿಗೆಯ ಉಪ್ಪನ್ನು ಹೊತ್ತು ತರುತ್ತದೆ. ಮುಟ್ಟಿದರೆ ಅದು ಗರಗರ ಅನ್ನುತ್ತದೆ, ನೀರು ಚಿಮುಕಿಸಿದರೆ ಕರಗುತ್ತದೆ. ಬೂಷ್ಟು ಕರಗುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮೆತ್ತಿಕೊಳ್ಳುತ್ತದೆ. ದೇವರ ಮನೆಯ ಪಕ್ಕದ ಗೋಡೆ ಕಪ್ಪಾಗಿದ್ದರೆ ದೀಪದ ಮಸಿ ಇರಬಹುದು. ಅದಕ್ಕೆ ಮುಗ್ಗಲು ವಾಸನೆ ಇರುವುದಿಲ್ಲ. ಉಪ್ಪು ಕಂಡರೂ ಖುಷಿಪಡಬೇಡಿ. ಅಲ್ಲಿ ನೀರಿದೆ ಎಂದೇ ಅರ್ಥ.

ಯಾವ ಜಾತಿಯ ಬೂಷ್ಟು ಅಂತ ಲ್ಯಾಬಿಗೆ ಕಳಿಸಿ ದುಡ್ಡು ಖರ್ಚು ಮಾಡುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಕಪ್ಪಾಗಲಿ ಹಸಿರಾಗಲಿ, ಮಾಡಬೇಕಾದ ಕೆಲಸ ಒಂದೇ.

ಹಂತ 2: ನೀರು ಎಲ್ಲಿಂದ?

ಹೆಚ್ಚಿನವರು ಎಡವುವುದು ಇಲ್ಲೇ. ಶನಿವಾರ ಗೋಡೆ ಉಜ್ಜಿ, ಭಾನುವಾರ ಪೇಂಟ್ ಹೊಡೆದು, ಮುಂದಿನ ತಿಂಗಳು ಮತ್ತೆ ಅದೇ ಜಾಗದಲ್ಲಿ ಬೂಷ್ಟು ನೋಡಿ "ಪೇಂಟ್ ಸರಿ ಇಲ್ಲ" ಅನ್ನುತ್ತಾರೆ. ಪೇಂಟಿನ ತಪ್ಪಲ್ಲ. ಬೂಷ್ಟಿಗೆ ಬೇಕಾದದ್ದು ನೀರು. ಧೂಳು, ಪುಟ್ಟಿ, ಪ್ಲೈವುಡ್ ಏನಿದ್ದರೂ ತಿಂದುಕೊಂಡು ಬದುಕುತ್ತದೆ.

ಮೊದಲು ಜಾಗ ನೋಡಿ. ಸೀಲಿಂಗ್ ಅಂಚಿನಲ್ಲಿದ್ದರೆ ತಾರಸಿಯ ನೀರು. ಮೇಲೆ ಹತ್ತಿ ನೋಡಿ: ನೀರು ಹೋಗುವ ತೂತಿಗೆ ಎಲೆ ಕಟ್ಟಿಕೊಂಡಿದೆಯಾ, ಪ್ಯಾರಪೆಟ್ ಬುಡದಲ್ಲಿ ಬಿರುಕಿದೆಯಾ, ಯಾವುದೋ ಮೂಲೆಯಲ್ಲಿ ನೀರು ನಿಲ್ಲುತ್ತದೆಯಾ? ಕಿಟಕಿಯ ಕೆಳಗಿದ್ದರೆ ಸಜ್ಜಾದ ಮೇಲೆ ನಿಂತ ನೀರು, ಇಲ್ಲವೇ ಕಿಟಕಿ ಚೌಕಟ್ಟಿನ ಸಂದು. ನೆಲದಿಂದ ಎರಡು ಮೂರು ಅಡಿಯವರೆಗೆ ಪಟ್ಟಿಯ ಹಾಗೆ ತೇವವಿದ್ದರೆ ಅಡಿಪಾಯದಿಂದ ಮೇಲೇರುತ್ತಿದೆ. ಬಚ್ಚಲಿನ ಆಚೆ ಬದಿಯ ಗೋಡೆಯಲ್ಲಿ ಮಾರ್ಚ್ ತಿಂಗಳಲ್ಲೂ ತೇವ ಆರದಿದ್ದರೆ ಅದು ಮಳೆ ನೀರಲ್ಲ, ಪೈಪು ಅಥವಾ ಟೈಲ್ಸ್ ಸಂದು. ಹಂಚಿನ ಮನೆಯಾದರೆ ಕೆಲಸ ಸುಲಭ. ಹಗಲು ದೀಪ ಆರಿಸಿ ಮೇಲೆ ನೋಡಿ, ಒಡೆದ ಹಂಚು ತಾನೇ ಬೆಳಕು ತೋರಿಸುತ್ತದೆ.

ಜಾಗ ನೋಡಿ ಗೊತ್ತಾಗದಿದ್ದರೆ ಪ್ಲಾಸ್ಟಿಕ್ ಪರೀಕ್ಷೆ ಮಾಡಿ. ಗೋಡೆಯ ಮೇಲ್ಮೈಯನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ, ಅಂದರೆ ಗೋಡೆಯ ಕಡೆ ಹನಿಗಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ನಮ್ಮ ಕಡೆಯ ಮುಖದಲ್ಲಿ ಹನಿಗಟ್ಟಿದರೆ ಗೋಡೆ ಬೆವರುತ್ತಿದೆ, ನೀರು ಕೋಣೆಯ ಗಾಳಿಯದ್ದು. ಎರಡಕ್ಕೂ ಔಷಧಿ ಬೇರೆ ಬೇರೆ. ಮೊದಲನೆಯದಕ್ಕೆ ಮೇಸ್ತ್ರಿ, ಪ್ಲಂಬರ್ ಬೇಕು. ಎರಡನೆಯದನ್ನು ಬಹುಪಾಲು ನೀವೇ ಸರಿಪಡಿಸಬಹುದು.

ಪೈಪಿನ ಅನುಮಾನವಿದ್ದರೆ ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಟ್ಯಾಂಕಿಗೆ ನೀರು ಬರುವ ವಾಲ್ವೂ ಮುಚ್ಚಿರಲಿ. ಯಾರೂ ನೀರು ಬಳಸದೆ ಬೆಳಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಗೋಡೆ ಒಡೆಸುವ ಮೊದಲು ಕಮೋಡಿನ ಫ್ಲಶ್ ಸೋರುತ್ತಿದೆಯಾ ನೋಡಿಕೊಳ್ಳಿ.

ಹಂತ 3: ಮಗುವನ್ನು ಮೊದಲು ಆಚೆ ಮಲಗಿಸಿ

ಸೋರಿಕೆ ಸಿಗಲು, ರಿಪೇರಿಯಾಗಲು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಮಗು ಆ ಕೋಣೆಯಲ್ಲಿ ಮಲಗುವುದು ಬೇಡ. ಹಾಲ್‌ನಲ್ಲಿ ಹಾಸಿಗೆ ಹಾಸಿದರೂ ಸರಿ. ಬೇರೆ ಕೋಣೆಯೇ ಇಲ್ಲದಿದ್ದರೆ ಹಾಸಿಗೆಯನ್ನು ಹೊರಗೋಡೆಯಿಂದ ದೂರ, ಒಳಗೋಡೆಯ ಕಡೆಗೆ ತನ್ನಿ.

ಬಾಣಂತಿ ಕೋಣೆಯ ಬಗ್ಗೆ ಇಲ್ಲಿ ಹೇಳಲೇಬೇಕು. ಮನೆಯಲ್ಲೇ ಚಿಕ್ಕ, ಕತ್ತಲೆಯ ಕೋಣೆ ಆರಿಸಿ, ಗಾಳಿ ತಾಗಬಾರದು ಅಂತ ಕಿಟಕಿ ಮುಚ್ಚಿ, ಒಳಗೇ ಬಿಸಿನೀರು, ಒಳಗೇ ಕೂಸಿನ ಬಟ್ಟೆ ಒಣಗಿಸಿ, ಮೇಲಿಂದ ಸಾಂಬ್ರಾಣಿ ಹೊಗೆ. ಹಿರಿಯರ ಉದ್ದೇಶ ಒಳ್ಳೆಯದೇ, ಕೂಸು ಬೆಚ್ಚಗಿರಲಿ ಅಂತ. ಆದರೆ ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಹೊಗೆಯಿಂದ ಬೂಷ್ಟು ಹೋಗುವುದಿಲ್ಲ, ಕೂಸಿನ ಎದೆಗೆ ಎರಡನೇ ಭಾರ ಅಷ್ಟೇ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದಂತೂ ಜೀವಕ್ಕೇ ಅಪಾಯ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅಜ್ಜಿಯ ಹತ್ತಿರ ವಾದಕ್ಕಿಳಿಯುವ ಬದಲು ಬಿಸಿಲು ಬೀಳುವ ಕೋಣೆಯನ್ನೇ ಬಾಣಂತಿಗೆ ಕೊಡಿ. ಕೂಸಿಗೆ ಟೋಪಿ, ಕಾಲುಚೀಲ ಹಾಕಿ, ದಿನಕ್ಕೆರಡು ಸಲ ಕಿಟಕಿ ತೆಗೆಯಿರಿ. ಬೆಚ್ಚಗೂ ಇರುತ್ತದೆ, ಗಾಳಿಯೂ ಆಡುತ್ತದೆ.

ಹಂತ 4: ಒರೆಸುವ ಕೆಲಸ

ಬೂಷ್ಟು ಹರಡಿದ ಜಾಗ ಮೂರಡಿಗೆ ಮೂರಡಿಯೊಳಗಿದ್ದರೆ ಮನೆಯವರೇ ಮಾಡಬಹುದು. ಅದಕ್ಕಿಂತ ಜಾಸ್ತಿ ಇದ್ದರೆ, ಪ್ಲಾಸ್ಟರ್ ಒಳಗೇ ಮೆತ್ತಗಾಗಿದ್ದರೆ, ಚರಂಡಿ ನೀರು ನುಗ್ಗಿದ್ದರೆ ಕೆಲಸ ಗೊತ್ತಿರುವವರನ್ನು ಕರೆಸಿ. ಅಸ್ತಮಾ ಇರುವವರು, ಗರ್ಭಿಣಿ, ಬಾಣಂತಿ ಈ ಕೆಲಸಕ್ಕೆ ಕೈ ಹಾಕಬಾರದು. ಮಕ್ಕಳು ಮನೆಯಲ್ಲೇ ಇರದಿದ್ದರೆ ಇನ್ನೂ ಒಳ್ಳೆಯದು.

ಮಳೆ ಹೊಳವಾದ ದಿನ ನೋಡಿಕೊಳ್ಳಿ. ಎನ್95 ಮಾಸ್ಕ್, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕು. ಸರ್ಜಿಕಲ್ ಮಾಸ್ಕ್, ಕರವಸ್ತ್ರ ಸಾಲದು. ಎರಡು ಬಕೆಟ್, ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಸೋಪಿನ ಪುಡಿ, ಎಸೆಯಬಹುದಾದ ಹಳೇ ಹತ್ತಿ ಬಟ್ಟೆಗಳು, ಕಸದ ಚೀಲ ಇಟ್ಟುಕೊಳ್ಳಿ. ಕಿಟಕಿ ತೆಗೆಯಿರಿ, ಕೋಣೆಯ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ. ಫ್ಯಾನ್ ಆರಿಸಿ. ಫ್ಯಾನ್ ತಿರುಗುತ್ತಿದ್ದರೆ ಗೋಡೆಯಲ್ಲಿದ್ದದ್ದು ಮನೆಯೆಲ್ಲ ಹರಡುತ್ತದೆ.

ಒಣಗಿದ ಬೂಷ್ಟಿಗೆ ಪೊರಕೆ, ಬ್ರಷ್ ತಾಗಿಸಲೇಬೇಡಿ. ಮೊದಲು ಸೋಪು ನೀರನ್ನು ಮೆಲ್ಲಗೆ ಹಚ್ಚಿ, ಐದು ನಿಮಿಷ ನೆನೆಯಲು ಬಿಡಿ. ಆಮೇಲೆ ಹೊರ ಅಂಚಿನಿಂದ ನಡುವಿನ ಕಡೆಗೆ ಒರೆಸಿ. ನಡುವಿನಿಂದ ಹೊರಗೆ ಎಳೆದರೆ ನೀವೇ ಹರಡಿದ ಹಾಗೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಪ್ರತಿ ಸಲ ಹೊಸ ಮಗ್ಗುಲು ತಿರುಗಿಸಿ. ಕೊಳೆಯಾದ ಬಟ್ಟೆಯನ್ನು ಸೋಪಿನ ಬಕೆಟ್ಟಿಗೆ ಮತ್ತೆ ಅದ್ದಬೇಡಿ, ಕಸದ ಚೀಲಕ್ಕೆ ಹಾಕಿ. ಕೊನೆಗೆ ಎರಡನೇ ಬಕೆಟ್ಟಿನ ಬರೀ ನೀರಿನಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಒತ್ತಿ, ಆಗ ಫ್ಯಾನ್ ಹಾಕಿ. ಮುಗಿದ ಮೇಲೆ ಹಾಕಿಕೊಂಡ ಬಟ್ಟೆ ನೇರ ಒಗೆಯಲು, ನೀವು ನೇರ ಸ್ನಾನಕ್ಕೆ. ಹಾಗೇ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ.

ಬ್ಲೀಚ್ ಬೇಡವಾ ಅಂತ ಕೇಳುತ್ತೀರಿ. ಗೋಡೆಗೆ ಬೇಡ. ಬ್ಲೀಚ್ ಬಣ್ಣ ತೆಗೆಯುತ್ತದೆ, ಹಾಗಾಗಿ ಹೋಯಿತು ಅನ್ನಿಸುತ್ತದೆ. ಅದರೊಂದಿಗೆ ಇರುವ ನೀರು ಪ್ಲಾಸ್ಟರ್ ಒಳಗೆ ಇಳಿದು ಮತ್ತೆ ತೇವವಾಗುತ್ತದೆ. ಇನ್ನೊಂದು ಮಾತು: ಸತ್ತ ಬೂಷ್ಟೂ ಅಲರ್ಜಿ ತರುತ್ತದೆ. ಕೊಂದರೆ ಸಾಲದು, ಒರೆಸಿ ತೆಗೆಯಬೇಕು. ಬಚ್ಚಲಿನ ಟೈಲ್ಸ್‌ನಂಥ ನೀರು ಹೀರದ ಜಾಗಕ್ಕೆ ಬೇಕಿದ್ದರೆ ಬ್ಲೀಚ್ ಬಳಸಿ, ನಾಲ್ಕು ಲೀಟರ್ ನೀರಿಗೆ ಕಾಲು ಲೀಟರ್ ಮೀರದ ಹಾಗೆ, ಕಿಟಕಿ ತೆಗೆದು. ಅದರ ಜೊತೆ ವಿನಿಗರ್, ಆಸಿಡ್, ಕಮೋಡ್ ತೊಳೆಯುವ ದ್ರವ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಸೇರಿದರೂ ವಿಷದ ಗಾಳಿಯೇ. ಒಂದರ ಮೇಲೆ ಒಂದು ಸುರಿಯಬೇಡಿ. ವಿನಿಗರ್ ಒಂದನ್ನೇ ಬಳಸುವವರೂ ಇದ್ದಾರೆ. ಮಾರ್ಬಲ್, ಕಡಪ ಕಲ್ಲು, ಸುಣ್ಣದ ಗೋಡೆಗೆ ತಾಗಿದರೆ ಮೇಲ್ಮೈ ಹಾಳಾಗುತ್ತದೆ. ಫಿನಾಯಿಲ್ ಹಾಕಿದರೆ ಮುಗ್ಗಲು ವಾಸನೆ ಮರೆಯಾಗುತ್ತದೆ, ಅಷ್ಟೇ.

ಹಂತ 5: ಉಳಿಸುವುದು ಯಾವುದು, ಎಸೆಯುವುದು ಯಾವುದು

ಪ್ಲಾಸ್ಟಿಕ್, ಸ್ಟೀಲು, ಗಾಜು ತೊಳೆದರೆ ಸಾಕು. ಗಟ್ಟಿ ಮರವನ್ನು ಸೋಪು ನೀರಲ್ಲಿ ಒರೆಸಿ ಬಿಸಿಲಿಗೆ ಇಡಿ. ಬಟ್ಟೆ, ಬೆಡ್‌ಶೀಟ್, ಒಗೆಯಬಹುದಾದ ಗೊಂಬೆಗಳನ್ನು ಬಿಸಿನೀರಲ್ಲಿ ಒಗೆದು ಪೂರ್ತಿ ಒಣಗಿಸಿ. ಕೌದಿಗೆ ತಾಳ್ಮೆ ಬೇಕು. ಮಡಿಕೆ ಮಡಿಕೆಯ ನಡುವೆ ತೇವ ಉಳಿಯುತ್ತದೆ, ಮಳೆಗಾಲದಲ್ಲಿ ಒಗೆದು ಹಾಗೇ ಮಡಚಿಟ್ಟರೆ ಮೊದಲಿಗಿಂತ ಕಡೆ.

ಹತ್ತಿ ಹಾಸಿಗೆ, ದಿಂಬು, ಫೋಮ್ ಒಳಗೆ ಬೂಷ್ಟು ಹೋಗಿದ್ದರೆ ಬಿಸಿಲಿಗೆ ಹಾಕಿ ಬಡಿದು ಮತ್ತೆ ಹಾಸುವುದು ಬೇಡ. ಬೇರೆಯವರಿಗೆ ಕೊಡುವುದೂ ಬೇಡ. ಮಗುವಿನ ಮೂಗು ರಾತ್ರಿಯಿಡೀ ಅದಕ್ಕೇ ತಾಗಿರುತ್ತದೆ. ಹಿಂಬದಿಯ ಪ್ಲೈವುಡ್ ಉಬ್ಬಿದ ಬೀರು ಕೂಡ ಉಳಿಯುವ ಪೈಕಿ ಅಲ್ಲ, ಆ ಹಲಗೆಯನ್ನಾದರೂ ಬದಲಿಸಿ.

ಬೀರುವಿನಲ್ಲಿ ನುಸಿಗುಳಿಗೆ ಇಡುವವರು ಗಮನಿಸಿ. ಅದು ಬೂಷ್ಟಿಗೆ ಪರಿಹಾರವಲ್ಲ. ನ್ಯಾಫ್ತಲೀನ್ ಗುಳಿಗೆಯ ವಾಸನೆ ಹಿಡಿದ ಬಟ್ಟೆಯನ್ನು ಎಳೆಕೂಸಿಗೆ ಹಾಕಿದರೆ, ಜಿ6ಪಿಡಿ ಎಂಬ ಕಿಣ್ವದ (ಎನ್‌ಜೈಮ್) ಕೊರತೆ ಇರುವ ಮಕ್ಕಳಲ್ಲಿ ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಆಗಬಹುದು. ನಮ್ಮ ಕೂಸಿಗೆ ಆ ಕೊರತೆ ಇದೆಯೋ ಇಲ್ಲವೋ ಬಹಳ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಕೂಸಿನ ಬಟ್ಟೆಗಳ ಹತ್ತಿರ ಗುಳಿಗೆ ಇಡಬೇಡಿ.

ಹಂತ 6: ಗಾಳಿಯ ತೇವ ಇಳಿಸುವುದು

ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತಗೊಳ್ಳಿ, ಬೆಲೆಗೆ ಮೋಸವಿಲ್ಲ. ಕೋಣೆಯಲ್ಲಿ ಶೇ. 60ಕ್ಕಿಂತ ಕೆಳಗಿರಬೇಕು.

ಒಂದು ಸಲ ಒಗೆದ ಬಟ್ಟೆಯನ್ನು ಮನೆಯೊಳಗೆ ಒಣಗಿಸಿದರೆ ಎರಡು ಲೀಟರ್‌ವರೆಗೂ ನೀರು ಗಾಳಿಗೆ ಸೇರುತ್ತದೆ. ಅದು ಮಕ್ಕಳ ಕೋಣೆಯ ಹಗ್ಗದ ಮೇಲಾದರೆ ನೇರ ಅದೇ ಗೋಡೆಗೆ. ಬಟ್ಟೆ ಜಗಲಿ, ಬಾಲ್ಕನಿ, ಕಾರ್ ಶೆಡ್ ಕಡೆ ಹೋಗಲಿ. ಬೇರೆ ದಾರಿಯಿಲ್ಲದಿದ್ದರೆ ಎಕ್ಸಾಸ್ಟ್ ಫ್ಯಾನ್ ಇರುವ ಕೋಣೆಯಲ್ಲಿ ಬಾಗಿಲು ಹಾಕಿ ಒಣಗಿಸಿ. ಅಡುಗೆಗೆ ಮುಚ್ಚಳ ಮುಚ್ಚಿ. ಇಡ್ಲಿ ಬೇಯಿಸುವಾಗ, ಸ್ನಾನವಾದ ಮೇಲೆ ಅರ್ಧ ಗಂಟೆ ಎಕ್ಸಾಸ್ಟ್ ಓಡಲಿ. ಬಚ್ಚಲ ಬಾಗಿಲು ಮಲಗುವ ಕೋಣೆಗೆ ತೆರೆಯುತ್ತಿದ್ದರೆ ಮುಚ್ಚಿಡಿ. ಬೀರು, ಮಂಚ ಹೊರಗೋಡೆಯಿಂದ ನಾಲ್ಕು ಬೆರಳಾದರೂ ದೂರವಿರಲಿ.

"ಕಿಟಕಿ ತೆಗೆದಿಡಿ" ಎಂಬ ಸಲಹೆ ಬೆಂಗಳೂರು, ಮೈಸೂರಿಗೆ ಬಹುಮಟ್ಟಿಗೆ ಸರಿ. ಕರಾವಳಿಯಲ್ಲಿ ಜುಲೈ ತಿಂಗಳ ಸುರಿಮಳೆಗೆ ಹೊರಗಿನ ಗಾಳಿಯೇ ಒದ್ದೆ, ಕಿಟಕಿ ತೆಗೆದರೆ ತೇವ ಒಳಗೆ ಬರುತ್ತದೆ. ಅಲ್ಲಿ ಮೀಟರ್ ನೋಡಿ ತೀರ್ಮಾನಿಸಿ. ಇಡೀ ಮನೆ ಒಣಗಿಸುವುದು ಆಗದ ಮಾತು, ಮಗು ಮಲಗುವ ಒಂದು ಕೋಣೆ ಸಾಕು. ಆ ಕೋಣೆಯ ಬಾಗಿಲು ಕಿಟಕಿ ಹಾಕಿ ಗಾಳಿಯ ತೇವ ಹೀರುವ ಯಂತ್ರ, ಅಂದರೆ ಡಿಹ್ಯುಮಿಡಿಫೈಯರ್ ಓಡಿಸಿ, ಅಥವಾ ಏಸಿ ಇದ್ದರೆ ಡ್ರೈ ಮೋಡಿನಲ್ಲಿ ಬಿಡಿ. ತುಂಬಿದ ನೀರನ್ನು ದಿನಾ ಚೆಲ್ಲಿ. ಏಸಿ ಹಾಕಿದ ತಕ್ಷಣ ಮುಗ್ಗಲು ವಾಸನೆ ಬಂದರೆ ಬೂಷ್ಟು ಅದರೊಳಗೇ ಇದೆ, ಸರ್ವಿಸ್ ಮಾಡಿಸುವವರೆಗೆ ಹಾಕಬೇಡಿ. ತೇವ ಹೀರುವ ಡಬ್ಬಿ, ಪೊಟ್ಟಣಗಳು ಬೀರುವಿನೊಳಗೆ ಮಾತ್ರ ಕೆಲಸ ಮಾಡುತ್ತವೆ. ಅವುಗಳಲ್ಲಿ ಶೇಖರವಾಗುವ ದ್ರವ ಮಕ್ಕಳ ಕೈಗೆ ಸಿಗಬಾರದು.

ಮಳೆ ನೀರು ಒಳಗೆ ನುಗ್ಗಿದರೆ, ಬಕೆಟ್ ಮಗುಚಿ ಹಾಸಿಗೆ ನೆನೆದರೆ 24ರಿಂದ 48 ಗಂಟೆಯೊಳಗೆ ಒಣಗಿಸಿ. ಆಮೇಲೆ ಬೂಷ್ಟು ಬೇರೂರುತ್ತದೆ.

ಹಂತ 7: ರಿಪೇರಿ ಮತ್ತು ಪೇಂಟು

ಮಳೆಗಾಲದಲ್ಲಿ ತಾತ್ಕಾಲಿಕ ತೇಪೆ, ಬೇಸಿಗೆಯಲ್ಲಿ ನಿಜವಾದ ಕೆಲಸ. ಫೆಬ್ರವರಿಯಿಂದ ಮೇ ಮಧ್ಯದೊಳಗೆ ತಾರಸಿಯ ಬಿರುಕು, ಸಜ್ಜಾ, ಪೈಪು ಮುಗಿಸಿಕೊಳ್ಳಿ. ಹೊರಗಿಂದ ಬರುವ ನೀರನ್ನು ಹೊರಗಿಂದಲೇ ತಡೆಯಬೇಕು. ಒಳಗೋಡೆಗೆ ವಾಟರ್‌ಪ್ರೂಫ್ ಹಚ್ಚಿದರೆ ನೀರು ಪಕ್ಕದಲ್ಲಿ ದಾರಿ ಹುಡುಕಿಕೊಳ್ಳುತ್ತದೆ. ಉಬ್ಬಿದ ಪ್ಲಾಸ್ಟರ್ ಕೆತ್ತಿಸಿ, ಗೋಡೆ ಪೂರ್ತಿ ಒಣಗಿದ ಮೇಲೆಯೇ ಪುಟ್ಟಿ, ಪೇಂಟು. ಒಣಗಿದ್ದು ಗೊತ್ತಾಗಲು ಮತ್ತೆ ಅದೇ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ. ಒಣಗಿದ ಗೋಡೆಗೆ ಫಂಗಸ್ ತಡೆಯುವ ಪೇಂಟ್ ಹಾಕಿಸಬಹುದು, ತೇವದ ಗೋಡೆಗೆ ಅದೂ ದಂಡ. ಸುಣ್ಣ ಹಚ್ಚಿದ ಗೋಡೆ ಉಸಿರಾಡುತ್ತದೆ, ಸುಣ್ಣದ ಕ್ಷಾರಕ್ಕೆ ಬೂಷ್ಟು ಬೇಗ ಹಿಡಿಯುವುದೂ ಇಲ್ಲ. ಹಳೇ ಮನೆಯವರು ಎಮಲ್ಷನ್‌ಗೆ ಆಸೆಪಡುವ ಮುಂಚೆ ಯೋಚಿಸಿ.

ಹೊಸ ಮನೆ ಕಟ್ಟಿಸಿದವರೂ ಅಷ್ಟೇ. ಮುಹೂರ್ತ ಸಿಕ್ಕಿತು ಅಂತ ಗೃಹಪ್ರವೇಶ ಮಾಡಿ, ಆದರೆ ಕ್ಯೂರಿಂಗ್ ನೀರು ಗೋಡೆಯಲ್ಲಿ ಇನ್ನೂ ಆರದೆ ಇರುವಾಗ ಎಳೆಮಕ್ಕಳ ಜೊತೆ ಬಂದು ಇರಬೇಡಿ.

ಬಾಡಿಗೆ ಮನೆಯಾದರೆ

ಮನೆ ನೋಡಲು ಹೋದಾಗ ಬೀರು ಇಡುವ ಗೋಡೆ, ಬಚ್ಚಲ ಹಿಂಬದಿ, ಕಿಟಕಿ ಕೆಳಗೆ ಕೈಯಿಟ್ಟು ನೋಡಿ. ಒಂದೇ ಗೋಡೆಗೆ ಹೊಸ ಪೇಂಟ್ ಇದ್ದರೆ ಯಾಕೆ ಅಂತ ಕೇಳಿ. ಬೂಷ್ಟು ಕಂಡ ದಿನವೇ ಓನರ್‌ಗೆ ಫೋಟೋ, ತಾರೀಖು ಸಮೇತ ವಾಟ್ಸಾಪ್ ಮಾಡಿ, ಬಾಯಲ್ಲಿ ಹೇಳಿ ಬಿಡಬೇಡಿ. ಸೋರಿಕೆ ಮೇಲಿನ ಫ್ಲಾಟಿನದ್ದಾದರೆ ಅಸೋಸಿಯೇಷನ್‌ಗೂ ಕಳಿಸಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದು ಬೆಂಗಳೂರಿನ ರೂಢಿ. ಗೋಡೆ ಹಾಳಾದದ್ದಕ್ಕೆ ಇನ್ನಷ್ಟು ಕೇಳಿದರೆ ಆ ಹಳೇ ಮೆಸೇಜುಗಳೇ ನಿಮ್ಮ ಉತ್ತರ. ತಿಂಗಳು ಕಳೆದರೂ ಸೋರಿಕೆ ಸರಿಮಾಡದಿದ್ದರೆ, ಮಗುವಿನ ಕೆಮ್ಮು ನಿಲ್ಲದಿದ್ದರೆ, ಶಾಲೆ ಹತ್ತಿರ ಅಂತ ಅಲ್ಲೇ ಕೂರದೆ ಬೇರೆ ಮನೆ ಹುಡುಕಲು ಶುರುಮಾಡಿ.